ಕ್ಯಾಸೆಟ್ ಮುಗಿದ ಮೇಲೂ ಹಾಡು ಇತ್ತು

(ದಾವಣಗೆರೆಯಲ್ಲಿ ಸಂಗೀತ ಕೇಳುವ ಗೆಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ)

ಒಂದು ಕ್ಯಾಸೆಟ್‌ನಿಂದ ಶುರು ಮಾಡುತ್ತೇನೆ. ಇವತ್ತು ತಂದಿದ್ದೇನೆ, ನೋಡಿ. ಅರವತ್ತು ನಿಮಿಷದ್ದು, ಒಂದೊಂದು ಕಡೆಗೆ ಮೂವತ್ತು ನಿಮಿಷ. ಬಿಳಿ ಚೀಟಿ ಮೇಲೆ ನೀಲಿ ಪೆನ್ನಿನಲ್ಲಿ 'ಮೇಡನ್' ಅಂತ ಬರೆದಿದೆ. ಮೇಲಂಚಿನಲ್ಲಿ ಎರಡು ಚಿಕ್ಕ ಪ್ಲಾಸ್ಟಿಕ್ ಚೂರುಗಳನ್ನು ಮುರಿದು ತೆಗೆದಿದ್ದೇವೆ. ಹಾಗೆ ಮುರಿದರೆ ಆ ಕ್ಯಾಸೆಟ್ ಮೇಲೆ ಮತ್ತೆ ರೆಕಾರ್ಡ್ ಆಗುವುದಿಲ್ಲ. ಮನೆಯಲ್ಲಿ ಯಾರಾದರೂ ಗೊತ್ತಿಲ್ಲದೆ ಇದರ ಮೇಲೆ ಭಜನೆ ತುಂಬಿಸಿಬಿಟ್ಟಾರು ಅಂತ ಹೆದರಿಕೆ ನಮಗೆ. ಇಲ್ಲಿ ನಲವತ್ತು ದಾಟಿದವರಿಗೆ ಇದೆಲ್ಲ ಗೊತ್ತು. ಚಿಕ್ಕವರಿಗಾಗಿ ಹೇಳಿದೆ.

ನಾನಾಗ ಪಿಯುಸಿ ಓದುತ್ತಿದ್ದೆ. ಖಾಲಿ ಕ್ಯಾಸೆಟ್ ಕೊಟ್ಟರೆ ಬೇಕಾದ ಹಾಡು ತುಂಬಿಸಿ ಕೊಡುವ ಅಂಗಡಿಗಳು ಊರಲ್ಲಿದ್ದವು. ಹಾಡಿನ ಪಟ್ಟಿ ಬರೆದು ಕೊಡಬೇಕು, ನಾಲ್ಕು ದಿನ ಬಿಟ್ಟು ಹೋಗಿ ತರಬೇಕು. ನಾವು ಐದು ಜನ ದುಡ್ಡು ಹಾಕಿ ಮಾಡಿಸಿದ ಕ್ಯಾಸೆಟ್ ಇದು. ಪಟ್ಟಿಯ ಕೊನೆಗೆ ಬರೆದಿದ್ದು ಐರನ್ ಮೇಡನ್ ಬ್ಯಾಂಡಿನ 1984ರ 'ಪವರ್‌ಸ್ಲೇವ್' ಆಲ್ಬಮ್ಮಿನ ಕೊನೇ ಹಾಡು. ಇಂಗ್ಲಿಷ್ ಕವಿ ಕೋಲ್‌ರಿಜ್ 1798ರಲ್ಲಿ ಪ್ರಕಟಿಸಿದ ಮುದಿ ನಾವಿಕನ ಕವಿತೆಯನ್ನು ಇವರು ಹಾಡು ಮಾಡಿದ್ದಾರೆ. ನಾವಿಕ ಆಲ್ಬಟ್ರಾಸ್ ಅನ್ನುವ ಕಡಲ ಹಕ್ಕಿಯನ್ನು ಕೊಲ್ಲುತ್ತಾನೆ. ಆಮೇಲೆ ಗಾಳಿ ನಿಂತುಹೋಗುತ್ತದೆ. ಸುತ್ತ ಬರೀ ನೀರು, ಕುಡಿಯಲು ಒಂದು ಹನಿ ಇಲ್ಲ. ಜೊತೆಯವರೆಲ್ಲ ಸಾಯುತ್ತಾರೆ. ಹಾಡು ಹದಿಮೂರು ನಿಮಿಷಕ್ಕೂ ಜಾಸ್ತಿ ಇದೆ. ಅದರ ನಡುವೆ ಒಂದು ಕಡೆ ಗದ್ದಲವೆಲ್ಲ ನಿಂತು ಬೇಸ್ ಗಿಟಾರ್ ಮಾತ್ರ ಮೆಲ್ಲಗೆ ನುಡಿಯುತ್ತದೆ. ಹಡಗಿನ ಮರ ಕಿರುಗುಟ್ಟುವ ಸದ್ದು ಕೇಳುತ್ತದೆ.

ನಮ್ಮ ಕ್ಯಾಸೆಟ್ ಅಲ್ಲಿಗೆ ಮುಗಿಯುತ್ತಿತ್ತು. ಹಿಂದೆ ಬೇರೆ ಹಾಡು ಜಾಸ್ತಿ ಹಾಕಿಸಿದ್ದರಿಂದ ಜಾಗ ಸಾಕಾಗಿರಲಿಲ್ಲ. ಟೇಪ್ ರೆಕಾರ್ಡರಿನ ಗುಂಡಿ ಟಕ್ ಅಂತ ಮೇಲೇಳುತ್ತಿತ್ತು. ನಾವು ಒಂದು ವರ್ಷ ಆ ಹಾಡು ಅಲ್ಲಿಗೇ ಮುಗಿಯುತ್ತದೆ ಅಂತ ನಂಬಿದ್ದೆವು. ನಿಂತ ಕಡಲಿನಲ್ಲಿ ನಿಂತ ಹಡಗು, ಅಷ್ಟೇ. ಎಷ್ಟು ಚೆನ್ನಾಗಿ ಮುಗಿಸಿದ್ದಾರೆ ಅಂತ ನಾನು ನಾಲ್ಕು ಜನರ ಹತ್ತಿರ ಹೇಳಿಕೊಂಡೂ ಬಂದಿದ್ದೆ.

ನಮ್ಮಲ್ಲಿ ಒಬ್ಬ ಮಾತ್ರ ಒಪ್ಪಲಿಲ್ಲ. "ಇಲ್ಲಲೇ, ಇದು ಮುಗಿದಿಲ್ಲ. ಎಲ್ಲಾರೂ ಸತ್ರು ಅಂತ ಹೇಳಾಕ ಒಬ್ಬನಾದ್ರೂ ಊರಿಗೆ ಬರಬೇಕಲ್ಲ?" ಅಂದ. ಅವನು ಲೈಬ್ರರಿಯಲ್ಲಿ ಆ ಕವಿತೆ ಹುಡುಕಿ ಓದಿದ. ಅದರಲ್ಲಿ ಹಡಗು ವಾಪಸ್ ಬರುತ್ತದೆ. ಕವಿತೆ ಬೇರೆ, ಹಾಡು ಬೇರೆ ಅಂತ ನಾನು. ಎರಡು ತಿಂಗಳು ಇದೇ ಜಗಳ. ಮಂಡಕ್ಕಿ ಮಿರ್ಚಿ ತಿನ್ನುವಾಗಲೂ ಇದೇ, ಸೈಕಲ್ ತಳ್ಳಿಕೊಂಡು ಹಡದಿ ರಸ್ತೆಯಲ್ಲಿ ಬರುವಾಗಲೂ ಇದೇ. ಕೊನೆಗೆ ಇನ್ನೊಬ್ಬ ಬೆಂಗಳೂರಿನ ಸೋದರಮಾವನ ಮನೆಯಿಂದ ಒರಿಜಿನಲ್ ಕ್ಯಾಸೆಟ್ ತಂದ. ಐದೂ ಜನ ಬಾಗಿಲು ಹಾಕಿಕೊಂಡು ಕೂತೆವು. ಹಡಗು ಕಿರುಗುಟ್ಟಿತು. ಯಾರೂ ಉಸಿರು ಬಿಡಲಿಲ್ಲ. ಕವಿತೆಯ ಸಾಲನ್ನು ಒಂದು ಗಂಟಲು ಮಾತಿನಂತೆ ಓದಿತು. ಆಮೇಲೆ ಡ್ರಮ್ಸ್ ನಿಧಾನವಾಗಿ ಮೇಲೇಳುತ್ತಾ ಬಂತು. ಆ ಹಡಗು ಹೊರಟಿತು, ಗೆಳೆಯರೇ. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಆ ಹಾಡನ್ನು ನಾನೊಬ್ಬನೇ ನೂರು ಸಲ ಕೇಳಿರಬಹುದು. ಅದು ಅರ್ಧ ಅಂತ ನನ್ನ ಕಿವಿಗೆ ಗೊತ್ತಾಗಲಿಲ್ಲ. ಗೊತ್ತಾಗಿದ್ದು ಜಗಳದಿಂದ. ಇದನ್ನೇ ಇವತ್ತು ನಿಮಗೆ ಹೇಳಬೇಕು ಅಂತ ಬಂದೆ. ಅಭಿಮಾನಿಗಳ ಮಾತು ಅಂದರೆ ಜನ ಹಗುರವಾಗಿ ನೋಡುತ್ತಾರೆ. ಕೆಲಸ ಇಲ್ಲದವರ ಹರಟೆ ಅನ್ನುತ್ತಾರೆ. ಯಾವ ಹಾಡು ದೊಡ್ಡದು, ಯಾವ ಗಾಯಕ ಸರಿ, ಯಾವ ವರ್ಷದ ಆಲ್ಬಮ್ ಮೇಲು ಅಂತ ಮೊದಲು ಅಂಗಡಿ ಕಟ್ಟೆ ಮೇಲೆ, ಈಗ ಫೋನಿನಲ್ಲಿ, ರಾತ್ರಿಯೆಲ್ಲ ಆಡುವ ಮಾತು. ನಾನು ಗಿಟಾರ್ ಹಿಡಿದವನಲ್ಲ, ಹಾಡು ಬರೆದವನಲ್ಲ. ಕೇಳಲು ಕಲಿತಿದ್ದರೆ ಅದು ಆ ಮಾತಿನಿಂದಲೇ.

ಬ್ಯಾಂಡ್ ಹೆಸರು ಕೇಳದವರಿಗೆ ಎರಡು ಮಾತು. ಐರನ್ ಮೇಡನ್ ಇಂಗ್ಲೆಂಡಿನ ಹೆವಿ ಮೆಟಲ್ ಬ್ಯಾಂಡ್. 1975ರ ಡಿಸೆಂಬರ್ 25ರಂದು, ಕ್ರಿಸ್‌ಮಸ್ ದಿನ, ಪೂರ್ವ ಲಂಡನ್ನಿನಲ್ಲಿ ಸ್ಟೀವ್ ಹ್ಯಾರಿಸ್ ಇದನ್ನು ಶುರು ಮಾಡಿದರು. ಅವರು ಬೇಸ್ ಗಿಟಾರ್ ನುಡಿಸುತ್ತಾರೆ, ಹೆಚ್ಚಿನ ಹಾಡು ಅವರದೇ. ಮೊದಲ ಆಲ್ಬಮ್ ಬಂದಿದ್ದು 1980ರಲ್ಲಿ.

ಸ್ಟೀವ್ ಹ್ಯಾರಿಸ್ ತಂತಿಯನ್ನು ಪಿಕ್‌ನಿಂದ ಮೀಟುವುದಿಲ್ಲ, ಬೆರಳಿನಿಂದಲೇ ನುಡಿಸುತ್ತಾರೆ. ಅವರ ಒಂದು ನಡೆ ಲೋಕಕ್ಕೆಲ್ಲ ಗೊತ್ತು. ಕುದುರೆ ಓಟದ ನಡೆ ಅನ್ನುತ್ತಾರೆ. ಒಂದು ಉದ್ದ, ಎರಡು ಗಿಡ್ಡ. ಡಂ-ಡಗ, ಡಂ-ಡಗ, ಡಂ-ಡಗ. 1854ರ ಬಾಲಾಕ್ಲಾವಾ ಯುದ್ಧದ ಕುದುರೆ ಪಡೆಯ ಬಗ್ಗೆ ಇವರದೊಂದು ಹಾಡಿದೆ, ಅದರಲ್ಲಿ ಈ ನಡೆ ಚೆನ್ನಾಗಿ ಕೇಳುತ್ತದೆ. ನಾನು ಅದನ್ನು ಬರೀ 'ಸ್ಪೀಡು' ಅಂದುಕೊಂಡಿದ್ದೆ. ನಮ್ಮ ಐದು ಜನರಲ್ಲಿ ಒಬ್ಬನ ಮನೆಯವರು ಡೊಳ್ಳು ಬಾರಿಸುವವರು. ಇಂಗ್ಲಿಷ್ ಹಾಡಿನ ಪದ ಅವನಿಗೆ ಅಷ್ಟಾಗಿ ಹಿಡಿಯುತ್ತಿರಲಿಲ್ಲ. ಒಂದು ಸಂಜೆ ಹೋಟೆಲಿನ ಟೇಬಲ್ ಮೇಲೆ ಎರಡೂ ಕೈಯಲ್ಲಿ ಇದನ್ನು ಬಾರಿಸಿ ತೋರಿಸಿದ. ಸ್ಟೀಲ್ ಲೋಟ ಕುಣಿಯಿತು. "ಸ್ಪೀಡ್ ಅಲ್ಲ ಇದು. ಉದ್ದ ಪೆಟ್ಟಿಗೆ ಉಸಿರು ಬಿಡ್ತಾನ, ಗಿಡ್ಡ ಪೆಟ್ಟಿಗೆ ತಗಂತಾನ. ಅದಕ್ಕ ಸುಸ್ತಾಗಲ್ಲ," ಅಂದ. ದುಗ್ಗಮ್ಮನ ಜಾತ್ರೆಯಲ್ಲಿ ಗಂಟೆಗಟ್ಟಲೆ ಡೊಳ್ಳು ಹೊತ್ತು ಬಾರಿಸಿದ ಮನೆಯ ಹುಡುಗ ಹೇಳುವ ಮಾತು ಅದು. ಯಾವ ಸಂಗೀತ ಪತ್ರಿಕೆಯಲ್ಲೂ ನಾನು ಅದನ್ನು ಓದಿಲ್ಲ. ಅವತ್ತಿನಿಂದ ಆ ಹಾಡಿನಲ್ಲಿ ನನಗೆ ಉಸಿರು ಕೇಳಿಸುತ್ತದೆ.

ಇನ್ನು ಚಿತ್ರ. ಈ ಬ್ಯಾಂಡಿನ ಆಲ್ಬಮ್ ಮೇಲೆಲ್ಲ ಎಡ್ಡಿ ಅನ್ನುವ ಒಂದು ಬೆದರುಬೊಂಬೆಯಂಥ ಆಕೃತಿ ಇರುತ್ತದೆ. ಅದನ್ನು ಮೊದಲು ಬರೆದವರು ಡೆರೆಕ್ ರಿಗ್ಸ್ ಅನ್ನುವ ಕಲಾವಿದ. ಅವರು ತಮ್ಮ ರುಜುವಿನ ಗುರುತನ್ನು ಚಿತ್ರದೊಳಗೆ ಎಲ್ಲಾದರೂ ಬಚ್ಚಿಡುತ್ತಿದ್ದರು. ಅದನ್ನು ಹುಡುಕುವುದು ಅಭಿಮಾನಿಗಳಿಗೆ ಒಂದು ಕೆಲಸ. 1986ರ 'ಸಮ್‌ವೇರ್ ಇನ್ ಟೈಮ್' ಆಲ್ಬಮ್ಮಿನ ಚಿತ್ರದಲ್ಲಂತೂ ಒಂದು ಇಡೀ ಊರೇ ಇದೆ. ಮುಂದಿನ ಕಾಲದ ಊರು, ರಾತ್ರಿ ಹೊತ್ತು, ಬಣ್ಣದ ಬೋರ್ಡುಗಳು. ಆ ಬೋರ್ಡುಗಳಲ್ಲೆಲ್ಲ ಬ್ಯಾಂಡಿನ ಹಳೇ ಕಥೆಯೇ ತುಂಬಿದೆ. ಶುರುವಿನಲ್ಲಿ ಇವರು ನುಡಿಸುತ್ತಿದ್ದ ರಸ್ಕಿನ್ ಆರ್ಮ್ಸ್ ಅನ್ನುವ ಪಬ್ಬಿನ ಹೆಸರಿದೆ. 23:58 ತೋರಿಸುವ ಗಡಿಯಾರ ಇದೆ, ನಡುರಾತ್ರಿಗೆ ಎರಡು ನಿಮಿಷ ಅನ್ನುವ ಇವರ ಹಾಡಿನ ನೆನಪಿಗೆ. ಸ್ಟೀವ್ ಹ್ಯಾರಿಸ್ ಅವರ ಪ್ರಾಣವಾದ ಫುಟ್‌ಬಾಲ್ ತಂಡ ವೆಸ್ಟ್ ಹ್ಯಾಮ್ 7–3ರಿಂದ ಆರ್ಸೆನಲ್ ತಂಡವನ್ನು ಸೋಲಿಸಿದೆ ಅಂತ ಒಂದು ಬೋರ್ಡು.

ಎಲ್‌ಪಿ ರೆಕಾರ್ಡಿನಲ್ಲಿ ಆ ಚಿತ್ರ ಮುಂದಿನಿಂದ ಹಿಂದಕ್ಕೆ ಸುತ್ತಿಕೊಂಡಿದೆ. ನಮ್ಮ ಕೈಗೆ ಬಂದಿದ್ದು ಕ್ಯಾಸೆಟ್ಟಿನ ಚೀಟಿ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ನಮ್ಮಲ್ಲೊಬ್ಬನ ಅಪ್ಪನದು ವಾಚ್ ರಿಪೇರಿ ಅಂಗಡಿ. ಅವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಕಪ್ಪು ಭೂತಗನ್ನಡಿ ಇರುತ್ತದಲ್ಲ, ಅದನ್ನು ಭಾನುವಾರ ಬೇಡಿ ತಂದೆವು. ಒಬ್ಬೊಬ್ಬರಿಗೆ ಐದು ನಿಮಿಷ ಸರದಿ. ಮುಖ ಚೀಟಿಗೆ ತಾಗುವಷ್ಟು ಹತ್ತಿರ ತರಬೇಕು. ಮುದ್ರಣದ ಚುಕ್ಕಿ ಚುಕ್ಕಿ ಕಾಣುತ್ತದೆ, ಅಕ್ಷರ ಕರಗಿಹೋಗುತ್ತದೆ. ಸ್ವಲ್ಪ ಹಿಂದೆ ಸರಿದರೆ ಚುಕ್ಕಿ ಕೂಡಿಕೊಂಡು ಅಕ್ಷರ ಆಗುತ್ತದೆ. ನನಗೆ ಗೋಡೆ ಮೇಲಿನ ಒಂದು ಬೀದಿ ಹೆಸರು ಸಿಕ್ಕಿತು, ಅಕೇಶಿಯಾ ಅಂತ. ಅದು 1982ರ ಆಲ್ಬಮ್ಮಿನ ಒಂದು ಹಾಡಿನಲ್ಲಿ ಬರುವ ಬೀದಿ. ಕೂಗಿಕೊಂಡುಬಿಟ್ಟೆ. ಒಳಗಿನಿಂದ ಅವರಮ್ಮ ಏನಾಯಿತೋ ಅಂತ ಓಡಿ ಬಂದರು. ಚಿತ್ರದ ಹಿಂಬದಿ ನೋಡಿದ್ದು ಎಷ್ಟೋ ವರ್ಷ ಆದ ಮೇಲೆ. ಅಲ್ಲಿಯವರೆಗೆ ಅದರಲ್ಲಿ ಏನಿರಬಹುದು ಅಂತ ಊಹೆಯಲ್ಲೇ ಒಂದು ಊರು ಕಟ್ಟಿಕೊಂಡಿದ್ದೆವು.

ಈಗ ಗಾಯಕರ ವಿಷಯಕ್ಕೆ ಬರೋಣ. ಅಭಿಮಾನಿಗಳ ಮಾತಿನಲ್ಲಿ ಮುಕ್ಕಾಲು ಪಾಲು ಇದೇ.

ಮೊದಲ ಎರಡು ಆಲ್ಬಮ್ಮಿಗೆ ಪಾಲ್ ಡಿಯಾನೊ ಹಾಡಿದರು. 1981ರಲ್ಲಿ ಬ್ರೂಸ್ ಡಿಕಿನ್ಸನ್ ಬಂದರು. ಇವರು ವಿಮಾನ ಓಡಿಸುವುದನ್ನೂ ಕಲಿತವರು. 2008ರಲ್ಲಿ ಇಡೀ ಬ್ಯಾಂಡನ್ನೂ ಸಾಮಾನನ್ನೂ ಒಂದು ಬೋಯಿಂಗ್ 757ರಲ್ಲಿ ಹಾಕಿಕೊಂಡು ತಾವೇ ಪೈಲಟ್ ಆಗಿ ಊರೂರು ಸುತ್ತಿದರು. 1993ರಲ್ಲಿ ಬ್ರೂಸ್ ಬ್ಯಾಂಡ್ ಬಿಟ್ಟರು. ಮರುವರ್ಷ ಬ್ಲೇಜ್ ಬೇಲಿ ಬಂದರು, 1995 ಮತ್ತು 1998ರಲ್ಲಿ ಎರಡು ಆಲ್ಬಮ್ ಮಾಡಿದರು. 1999ರಲ್ಲಿ ಬ್ರೂಸ್ ವಾಪಸ್ ಬಂದರು, ಬ್ಲೇಜ್ ಹೋದರು.

ನಮ್ಮ ಹಿರಿಯರು ಕಂಪನಿ ನಾಟಕದ ಬಗ್ಗೆ ಮಾತಾಡುವುದು ಕೇಳಿದ್ದೀರಾ? ಇದು ಚಿಂದೋಡಿ ಲೀಲಾ ಅವರ ಊರು, ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು. ನನ್ನ ಅಜ್ಜಿ ಒಂದು ನಾಟಕವನ್ನು ಮೂರು ಸಲ ನೋಡಿದ್ದರೆ ಮೂರು ಸಲವೂ ಯಾವ ಪಾತ್ರ ಯಾರು ಮಾಡಿದರು, ಯಾರು ಯಾವ ಮಾತಿಗೆ ಎಷ್ಟು ಹೊತ್ತು ನಿಂತರು, ಚಪ್ಪಾಳೆ ಎಲ್ಲಿ ಬಿತ್ತು ಅಂತ ಬಿಡಿಸಿ ಹೇಳುತ್ತಿದ್ದರು. ಪಕ್ಕದ ಮನೆ ಅಜ್ಜಿ ಬಂದರೆ ಮುಗಿಯಿತು. "ಅಕಿ ಮಾಡಿದ್ದು ಏನು ಮಾಡಿದ್ಲು ಬಿಡ್ರಿ, ಮೊದಲಿನಾಕಿ ಮಾಡಿದ್ದು ನೋಡಬೇಕಿತ್ತು" ಅಂತ ಒಲೆ ಮೇಲಿನ ಹಾಲು ಉಕ್ಕುವ ತನಕ ಮಾತು. ಅವರು ಕೂತು ಮಾತಾಡಿದ್ದು ಸುಮ್ನೆ ಅಲ್ಲ. ಅಂಥ ಎಷ್ಟೋ ನಾಟಕಗಳನ್ನು ಯಾರೂ ರೆಕಾರ್ಡ್ ಮಾಡಿಲ್ಲ. ಉಳಿದಿರುವುದು ನೋಡಿದವರ ಮಾತಿನಲ್ಲಿ ಮಾತ್ರ.

ಬ್ಲೇಜ್ ಬೇಲಿ ವಿಷಯಕ್ಕೆ ವಾಪಸ್ ಬರುತ್ತೇನೆ. ಅವರ ಬಗ್ಗೆ ನಾನು ತುಂಬಾ ಕೆಟ್ಟದಾಗಿ ಮಾತಾಡಿದ್ದೇನೆ. ಆ ಕಾಲದ ಅಭಿಮಾನಿಗಳಲ್ಲಿ ಬಹಳ ಜನ ಮಾತಾಡಿದ್ದಾರೆ. ಅವರದು ತಗ್ಗಿನ, ದಪ್ಪ ದನಿ. ವೇದಿಕೆ ಮೇಲೆ ಬ್ರೂಸ್ ಅವರ ಎತ್ತರದ ದನಿಗೆ ಕಟ್ಟಿದ ಹಾಡುಗಳನ್ನೂ ಹಾಡಬೇಕಿತ್ತು. ತಾರಸ್ಥಾಯಿಯಲ್ಲಿ ದನಿ ಒಡೆಯುತ್ತಿತ್ತು. ನಾವು ಅದನ್ನೇ ಹಿಡಿದುಕೊಂಡೆವು.

ನನ್ನ ಅಭಿಪ್ರಾಯ ಬದಲಾಗಿದ್ದು ಚಿತ್ರದುರ್ಗದ ಕೋಟೆ ಮೇಲೆ. ಕಾಲೇಜಿನಲ್ಲಿ ನನಗಿಂತ ಎರಡು ವರ್ಷ ಚಿಕ್ಕವನೊಬ್ಬ ಅಲ್ಲಿಯವನು. ಒಂದು ರಜೆಗೆ ನಮ್ಮನ್ನು ಮನೆಗೆ ಕರೆದುಕೊಂಡು ಹೋದ. ಬೆಳಿಗ್ಗೆ ಏಳು ಸುತ್ತಿನ ಕೋಟೆ ಹತ್ತಿ, ಒಂದು ದೊಡ್ಡ ಬಂಡೆಯ ನೆರಳಲ್ಲಿ ಕೂತೆವು. ಅವನ ಹತ್ತಿರ ವಾಕ್‌ಮನ್ ಇತ್ತು, 1995ರ ಆಲ್ಬಮ್ ಇತ್ತು. "ಅಣ್ಣ, ಒಂದು ಸಲ ಕೇಳಿ. ತಲೇಲಿ ಬ್ರೂಸ್‌ನ ಇಟ್ಕೊಂಡು ಮಾತ್ರ ಕೇಳಬೇಡಿ," ಅಂದ. ಒಂದು ಕಿವಿಗೆ ಅವನು, ಒಂದು ಕಿವಿಗೆ ನಾನು. ಮೊದಲ ಹಾಡು ಹನ್ನೊಂದು ನಿಮಿಷದ್ದು. ಚರ್ಚಿನ ಪಾದ್ರಿಗಳು ಗುಂಪಾಗಿ ಹಾಡುವಂಥ ತಗ್ಗು ದನಿಯಿಂದ ಶುರುವಾಗುತ್ತದೆ. ಇನ್ನೊಂದು ಕಿವಿಯಲ್ಲಿ ಕೋಟೆಯ ಗಾಳಿ. ಎದುರಿಗೆ ಬಿಸಿಲಿಗೆ ಕಾದ ಬಂಡೆ ಸಾಲು. ಆ ದಪ್ಪ ದನಿ ಅಲ್ಲಿ ಎಷ್ಟು ಸರಿಯಾಗಿ ಕೂತಿತು ಅಂದರೆ, ಆ ಹಾಡಿಗೆ ಬೇರೆ ಗಂಟಲು ಬೇಡ ಅನ್ನಿಸಿತು.

ಬ್ರೂಸ್ ವಾಪಸ್ ಬಂದ ಮೇಲೆ 2001ರಲ್ಲಿ ಬ್ರೆಜಿಲ್‌ನ ರಿಯೊದಲ್ಲಿ ದೊಡ್ಡ ಕಛೇರಿ ಮಾಡಿದರಲ್ಲ, ಅಲ್ಲಿ ಬ್ಲೇಜ್ ಕಾಲದ ಈ ಹಾಡನ್ನೂ, 1998ರ ಇನ್ನೊಂದು ಹಾಡನ್ನೂ ಬ್ರೂಸ್ ಅವರೇ ಹಾಡಿದ್ದಾರೆ. ಜನ ಕೂಗಿ ಕುಣಿದಿದ್ದಾರೆ. ಆಗ ಕೆಲವರು ಹೇಳಿದರು, ನೋಡಿ, ಹಾಡು ಚೆನ್ನಾಗಿಯೇ ಇತ್ತು, ಗಾಯಕ ಸರಿ ಇರಲಿಲ್ಲ ಅಂತ. ನಾನು ಒಪ್ಪುವುದಿಲ್ಲ. ಎರಡೂ ಕೇಳಿ. ಬ್ರೂಸ್ ಹಾಡಿದಾಗ ಅದು ಒಬ್ಬ ವೀರನ ಹಾಡು. ಬ್ಲೇಜ್ ಹಾಡಿದಾಗ ಒಬ್ಬ ಹೆದರಿದ ಮನುಷ್ಯನ ಹಾಡು. ಹೆದರಿದವನದು ನನಗೆ ಹೆಚ್ಚು ಹತ್ತಿರ. ಇದರ ಮೇಲೆ ಇವತ್ತಿಗೂ ನನ್ನ ಜೊತೆ ಜಗಳ ಆಡುವವರು ಇದೇ ಸಭೆಯಲ್ಲಿ ಇದ್ದಾರೆ. ಆಡಲಿ.

ಮಾತು ಯಾವಾಗಲೂ ಒಳ್ಳೆಯದನ್ನೇ ಮಾಡುತ್ತದೆ ಅಂತ ನಾನು ಹೇಳಲಾರೆ. ಸುಳ್ಳು ಸುದ್ದಿಯ ವಿಷಯ ತೆಗೆದುಕೊಳ್ಳಿ. 1969ರಲ್ಲಿ ಅಮೆರಿಕದ ಕಾಲೇಜು ಹುಡುಗರು, ರೇಡಿಯೊದವರು ಸೇರಿ ಬೀಟಲ್ಸ್ ಬ್ಯಾಂಡಿನ ಪಾಲ್ ಮೆಕಾರ್ಟ್ನಿ ಸತ್ತುಹೋಗಿದ್ದಾರೆ, ಅವರ ಜಾಗದಲ್ಲಿ ಅವರಂತೆ ಕಾಣುವ ಇನ್ನೊಬ್ಬರಿದ್ದಾರೆ ಅಂತ ಹಬ್ಬಿಸಿದರು. ಸಾಕ್ಷಿ ಏನು? ಆ ವರ್ಷದ ಆಲ್ಬಮ್ಮಿನ ಚಿತ್ರದಲ್ಲಿ ನಾಲ್ಕೂ ಜನ ರಸ್ತೆ ದಾಟುತ್ತಿದ್ದಾರೆ, ಪಾಲ್ ಮಾತ್ರ ಬರಿಗಾಲಲ್ಲಿದ್ದಾರೆ. ಹಿಂದೆ ನಿಂತ ಕಾರಿನ ನಂಬರಿನಲ್ಲಿ '28 ಇಫ್' ಅಂತ ಓದಬಹುದು, ಅಂದರೆ ಬದುಕಿದ್ದರೆ 28 ವರ್ಷ. ನಿಜಕ್ಕೂ ಅವರು 1942ರ ಜೂನ್‌ನಲ್ಲಿ ಹುಟ್ಟಿದವರು, ಆಗ 27. ನಮ್ಮ ಹಳ್ಳಿ ಲೆಕ್ಕದಲ್ಲಿ 28 ನಡೀತಿತ್ತು ಅನ್ನಬಹುದು, ಅಷ್ಟೇ. ಕೊನೆಗೆ 'ಲೈಫ್' ಪತ್ರಿಕೆಯವರು ಸ್ಕಾಟ್ಲೆಂಡಿನ ಅವರ ತೋಟದ ಮನೆಗೇ ಹೋಗಿ, ಹೆಂಡತಿ ಮಕ್ಕಳ ಜೊತೆಗಿದ್ದ ಅವರ ಫೋಟೊ ತೆಗೆದು ನವೆಂಬರ್‌ನಲ್ಲಿ ಮುಖಪುಟದಲ್ಲಿ ಹಾಕಿದರು. ಭೂತಗನ್ನಡಿ ಹಿಡಿದು ಚಿತ್ರ ನೋಡಿದವರು ನಾವೂ ಹೌದು, ಅವರೂ ಹೌದು. ಆದರೆ ಅವರು ಚಿತ್ರದಲ್ಲಿ ಇಲ್ಲದ್ದನ್ನು ಓದಿದರು. ಬದುಕಿರುವ ಮನುಷ್ಯನ ಮನೆ ಬಾಗಿಲಿಗೆ ಹೋಗಿ ನೀನು ಸತ್ತಿದ್ದೀಯಾ ಅಂತ ಕೇಳುವ ಹಾಗಾಯಿತು.

ನಮಗೂ ಒಂದು ಪಾಠ ಆಯಿತು. ಮೇಡನ್ ಬ್ಯಾಂಡಿಗೆ 1982ರಿಂದ ಡ್ರಮ್ಸ್ ಬಾರಿಸುತ್ತಿದ್ದವರು ನಿಕೊ ಮೆಕ್‌ಬ್ರೈನ್. 2023ರಲ್ಲಿ ಅವರ ಕಛೇರಿ ವಿಡಿಯೊ ನೋಡಿ ನಮ್ಮ ಫೋನ್ ಗುಂಪಿನಲ್ಲಿ ಮಾತು ಶುರುವಾಯಿತು. ನಡೆ ನಿಧಾನ ಆಯಿತು, ಮುದುಕರಾದರು, ಇನ್ನು ಬಿಡಬೇಕು ಅಂತ. ಆಗಸ್ಟ್‌ನಲ್ಲಿ ಅವರೇ ಹೇಳಿದರು. ಆ ವರ್ಷ ಜನವರಿಯಲ್ಲಿ ಅವರಿಗೆ ಪಾರ್ಶ್ವವಾಯು ಹೊಡೆದಿತ್ತು. ಬಲಭಾಗ, ಭುಜದಿಂದ ಕೆಳಗೆ. ವಾರಗಟ್ಟಲೆ ಚಿಕಿತ್ಸೆ ತೆಗೆದುಕೊಂಡು, ಕೈಗೆ ಮತ್ತೆ ಬಾರಿಸುವುದು ಕಲಿಸಿ, ಬೇಸಿಗೆ ಹೊತ್ತಿಗೆ ವೇದಿಕೆ ಹತ್ತಿದ್ದರು. ನಾವು ನೋಡಿದ ವಿಡಿಯೊ ಅದು. ಅವತ್ತು ಗುಂಪಿನಲ್ಲಿ ಒಬ್ಬರೂ ಒಂದು ಅಕ್ಷರ ಬರೆಯಲಿಲ್ಲ. ಮರುದಿನ ಡೊಳ್ಳಿನ ಮನೆಯ ಗೆಳೆಯ ಒಂದೇ ಸಾಲು ಬರೆದ: "ಬಲಗೈ ಇಲ್ಲದೆ ನಾನಾಗಿದ್ರೆ ಡೊಳ್ಳು ಕೆಳಗಿಡ್ತಿದ್ದೆ." ಆ ವಿಡಿಯೊಗಳನ್ನು ಮತ್ತೆ ಕೂತು ನೋಡಿದೆವು. ಅದೇ ನಿಧಾನ, ಈಗ ಬೇರೆ ಥರ ಕೇಳಿತು. 2024ರ ಡಿಸೆಂಬರ್ 7ರಂದು ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ಬ್ಯಾಂಡ್ ಜೊತೆ ತಮ್ಮ ಕೊನೆಯ ಕಛೇರಿ ನುಡಿಸಿ ಅವರು ತಿರುಗಾಟ ನಿಲ್ಲಿಸಿದರು.

ಇನ್ನೊಂದು ಬ್ಯಾಂಡಿನ ಅಭಿಮಾನಿಗಳ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಅಮೆರಿಕದ ಗ್ರೇಟ್‌ಫುಲ್ ಡೆಡ್. 1965ರಿಂದ 1995ರವರೆಗೆ 2,300ಕ್ಕೂ ಜಾಸ್ತಿ ಕಛೇರಿ ಮಾಡಿದವರು. ಒಂದು ರಾತ್ರಿಯ ಹಾಗೆ ಇನ್ನೊಂದು ರಾತ್ರಿ ಇರುತ್ತಿರಲಿಲ್ಲ. ಹಾಗಾಗಿ ಅಭಿಮಾನಿಗಳು ಟೇಪ್ ರೆಕಾರ್ಡರ್ ಹೊತ್ತು ಹೋಗಿ ಪ್ರತಿ ರಾತ್ರಿಯನ್ನೂ ಹಿಡಿದಿಡುತ್ತಿದ್ದರು. ಬೇರೆ ಬ್ಯಾಂಡಿನವರಾಗಿದ್ದರೆ ಹೊರಗೆ ದಬ್ಬಿಸುತ್ತಿದ್ದರು. ಇವರು 1984ರಲ್ಲಿ ಟೇಪ್ ಮಾಡುವವರಿಗೇ ಅಂತ ಸಭೆಯಲ್ಲಿ ಒಂದು ಜಾಗ ಬಿಟ್ಟುಕೊಟ್ಟರು. ಆ ಟೇಪುಗಳನ್ನು ದುಡ್ಡಿಗೆ ಮಾರಬಾರದು ಅನ್ನುವುದು ಅವರ ಕಟ್ಟಳೆ. ನಿನ್ನದು ನನಗೆ, ನನ್ನದು ನಿನಗೆ. ಮನೆಯ ಪಲ್ಯ ಪಕ್ಕದ ಮನೆಗೆ ಕೊಟ್ಟು ಬಟ್ಟಲು ಖಾಲಿ ಬರದ ಹಾಗೆ. 1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ನಡೆದ ಕಛೇರಿಯ ಟೇಪು ಹೀಗೆ ಕೈಯಿಂದ ಕೈಗೆ ಹರಿದಾಡಿತು. ಅದನ್ನು ರೆಕಾರ್ಡ್ ಮಾಡಿದ್ದು ಬ್ಯಾಂಡಿನ ಜೊತೆಗಿದ್ದ ಬೆಟ್ಟಿ ಕ್ಯಾಂಟರ್ ಅನ್ನುವ ಹೆಣ್ಣುಮಗಳು. ಅದು ಎಷ್ಟು ದೊಡ್ಡದು ಅಂತ ಜಗತ್ತಿಗೆ ತಿಳಿಸಿದ್ದು ಅಭಿಮಾನಿಗಳ ಮಾತು. ಈಗ ಅದು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕಾಪಾಡಿಡುವ ಧ್ವನಿಮುದ್ರಣಗಳ ಪಟ್ಟಿಯಲ್ಲಿದೆ.

ಈಗ ನಮ್ಮ ಸ್ವಂತ ಕಛೇರಿ. 2007ರ ಮಾರ್ಚ್ 17, ಶನಿವಾರ. ಬೆಂಗಳೂರಿನ ಅರಮನೆ ಮೈದಾನ. ಐರನ್ ಮೇಡನ್ ಭಾರತಕ್ಕೆ ಬಂದಿದ್ದು ಅದೇ ಮೊದಲು. ಯುಗಾದಿಗೆ ಎರಡು ಮೂರು ದಿನ ಇತ್ತು. ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮ ಊರಿನವರೆಲ್ಲ ಬಸ್ ಹತ್ತಿ ಈ ಕಡೆ ಬರುತ್ತಿದ್ದರು. ನಾವು ಐದು ಜನ ಆ ಕಡೆ ಹೊರಟೆವು. "ಹಬ್ಬದ ಮುಂದೆ ಮನೆ ಬಿಟ್ಟು ಯಾರಾದ್ರೂ ಹೋಗ್ತಾರೇನೋ," ಅಂತ ಅಮ್ಮ ಬೇಜಾರು ಮಾಡಿಕೊಂಡು, ಆದರೂ ಚಪಾತಿ ಕಟ್ಟಿ ಕೊಟ್ಟರು. ಹಿಂದಿನ ರಾತ್ರಿ ಕಛೇರಿ ರದ್ದಾಗಿದೆಯಂತೆ ಅಂತ ಯಾರೋ ಫೋನ್ ಮಾಡಿದ್ದರು. ನಂಬಲಿಲ್ಲ, ನಂಬದೆ ಇರಲೂ ಆಗಲಿಲ್ಲ. 260 ಕಿಲೋಮೀಟರಿಗೂ ಜಾಸ್ತಿ ದಾರಿ, ಎದೆ ಡವಡವ.

ರದ್ದಾಗಿರಲಿಲ್ಲ. ದೆಹಲಿಯ ಪರಿಕ್ರಮ ಬ್ಯಾಂಡ್ ಮೊದಲು ನುಡಿಸಿತು. ಸ್ಟೀವ್ ಹ್ಯಾರಿಸ್ ಅವರ ಮಗಳು ಲಾರೆನ್ ಹಾಡಿದರು. ಆಮೇಲೆ ಇವರು. ಎಲ್ಲ ಹೇಳುತ್ತಾ ಹೋಗುವುದಿಲ್ಲ, ಒಂದನ್ನು ಹೇಳುತ್ತೇನೆ. ಕತ್ತಲೆಯ ಭಯದ ಬಗ್ಗೆ ಇವರದು 1992ರ ಒಂದು ಹಾಡು. ಅದರ ಶುರುವಿನ ಗಿಟಾರ್ ರಾಗವನ್ನು ಯಾವ ಊರಿನಲ್ಲಾದರೂ ಸರಿ, ಜನರೇ ಹಾಡುತ್ತಾರೆ. ಪದ ಇಲ್ಲ, ಬರೀ 'ಓ' ಅನ್ನುವ ದನಿ. ಅವತ್ತು ಅರಮನೆ ಮೈದಾನ ಪೂರ್ತಿ ಹಾಡಿತು. ಪಕ್ಕದಲ್ಲಿ ಈಶಾನ್ಯದ ಕಡೆಯ ಹುಡುಗರು, ಹಿಂದೆ ತಮಿಳು ಮಾತಾಡುವವರು, ನಾವು ದಾವಣಗೆರೆಯವರು. ಇಂಗ್ಲಿಷ್ ಪದ ಹಿಡಿಯದ ನಮ್ಮ ಡೊಳ್ಳಿನ ಗೆಳೆಯ ಕಣ್ಣು ಮುಚ್ಚಿಕೊಂಡು ಎಲ್ಲರಿಗಿಂತ ಜೋರಾಗಿ ಹಾಡಿದ. ಅವನ ಕುತ್ತಿಗೆಯ ನರ ಉಬ್ಬಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ರಾತ್ರಿ ಬಸ್ಸಿನಲ್ಲಿ ವಾಪಸ್ ಬರುವಾಗ ಯಾರಿಗೂ ನಿದ್ದೆ ಇಲ್ಲ. ಯಾವ ಹಾಡು ಆದ ಮೇಲೆ ಯಾವುದು ಅಂತ ಬರೆದಿಡೋಣ ಅಂದೆ. ತುಮಕೂರು ದಾಟುವಷ್ಟರಲ್ಲಿ ಜಗಳ ಶುರು. ಐದು ಜನ, ಐದು ಪಟ್ಟಿ. ಮೂರನೇದು ಯಾವುದು, ನಾಲ್ಕನೇದು ಯಾವುದು? ಬೆಂಕಿ ಎದ್ದಿದ್ದು ಯಾವ ಹಾಡಿಗೆ? ನನಗೆ ಗಾಯಕ ಏನು ಮಾಡಿದರು ಅನ್ನುವುದು ಮಾತ್ರ ನೆನಪಿತ್ತು. ಡೊಳ್ಳಿನವನಿಗೆ ನಡೆ ಯಾವಾಗ ಬದಲಾಯಿತು ಅನ್ನುವುದು ಪಕ್ಕಾ ಇತ್ತು. ವಾಚ್ ಅಂಗಡಿಯವನಿಗೆ ಹಿಂದಿನ ಪರದೆಯ ಚಿತ್ರ ಬದಲಾಗಿದ್ದು ಗೊತ್ತಿತ್ತು. ಕವಿತೆ ಓದಿದ್ದವನಿಗೆ ಹಾಡಿನ ನಡುವೆ ಬ್ರೂಸ್ ಆಡಿದ ಮಾತು ನೆನಪಿತ್ತು. ಸೋದರಮಾವನ ಮನೆಯಿಂದ ಕ್ಯಾಸೆಟ್ ತಂದಿದ್ದವನು ಗುಂಪಿನಲ್ಲಿ ಸಿಕ್ಕಿಕೊಂಡು ಏನೂ ಕಂಡಿರಲಿಲ್ಲ, ಬರೀ ಕೇಳಿದ್ದ. ಅವನು ಹೇಳಿದ್ದೇ ಕೊನೆಗೆ ಹೆಚ್ಚು ಸರಿ ಇತ್ತು. ಒಬ್ಬೊಬ್ಬರದು ಒಂದೊಂದು ಚೂರು. ಹಿರಿಯೂರಿನ ಹತ್ತಿರ ಒಂದು ಪಟ್ಟಿ ಆಯಿತು. ಚಿತ್ರದುರ್ಗದಲ್ಲಿ ಚಹಾಕ್ಕೆ ಇಳಿದಾಗ ಅದನ್ನು ಹರಿದು ಮತ್ತೆ ಬರೆದೆವು. ದಾವಣಗೆರೆಗೆ ಬಂದಾಗ ಬೆಳಕು ಹರಿದಿತ್ತು. ಎರಡು ಹಾಡಿನ ಜಾಗ ಇನ್ನೂ ಇತ್ಯರ್ಥ ಆಗಿರಲಿಲ್ಲ.

ಆ ಕಾಗದವೂ ಈ ಕ್ಯಾಸೆಟ್ ಡಬ್ಬಿಯೊಳಗೇ ಇದೆ. ನಿಮ್ಮಲ್ಲಿ ಅವತ್ತು ಅರಮನೆ ಮೈದಾನದಲ್ಲಿ ಇದ್ದವರಿದ್ದರೆ, ಅಥವಾ 2009ರ ಫೆಬ್ರವರಿಯಲ್ಲಿ ಅವರು ಮತ್ತೆ ಬಂದಾಗ ಹೋದವರಿದ್ದರೆ, ಹೋಗುವ ಮುಂಚೆ ನನ್ನ ಜೊತೆ ಐದು ನಿಮಿಷ ಕೂರಿ. ನಿಮಗೆ ಏನು ನೆನಪಿದೆ, ಅದನ್ನು ಇದರ ಹಿಂದೆ ಬರೆದುಕೊಳ್ಳಬೇಕು.

ಈಗ ಆ ಮುದಿ ನಾವಿಕನ ಹಾಡು ಹಾಕುತ್ತೇನೆ. ಮೊದಲು ಈ ಕ್ಯಾಸೆಟ್‌ನಿಂದ. ಐದಾರು ನಿಮಿಷ ಆದ ಮೇಲೆ ಗದ್ದಲ ನಿಲ್ಲುತ್ತದೆ, ಹಡಗು ಕಿರುಗುಟ್ಟುತ್ತದೆ, ಗುಂಡಿ ಟಕ್ ಅನ್ನುತ್ತದೆ. ಆಗ ಯಾರೂ ಎದ್ದು ಹೋಗಬೇಡಿ. ಉಳಿದದ್ದನ್ನು ಕಂಪ್ಯೂಟರಿನಲ್ಲಿ ರೆಡಿ ಮಾಡಿ ಇಟ್ಟಿದ್ದೇನೆ.